ಎಪ್ಪತ್ತೆಂಟು ಸೆಕೆಂಡು

ಕಳೆದ ವಾರ ಧಾರವಾಡದಲ್ಲಿ, ನಾನು ಬಾಡಿಗೆಗಿರುವ ಮನೆಯ ಪಕ್ಕದ ಕೋಣೆಯ ಹುಡುಗಿ ಲ್ಯಾಪ್‌ಟಾಪಿನಲ್ಲಿ ಹಳೆಯ ಗೇಮ್ ಒಂದನ್ನು ಹಚ್ಚಿದಳು. ಆಟ ಶುರುವಾಗುವ ಮುನ್ನ ಪರದೆಯ ಎಡ ಮೂಲೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಮೂಡಿ, ನಾಲ್ಕೈದು ಎಣಿಸುವಷ್ಟರಲ್ಲಿ ಅಳಿಸಿಹೋಯಿತು. ಆಟದ ಒಳಲೆಕ್ಕ ತಿದ್ದುವ ಪ್ಯಾಚ್ ಒಂದು ಲೋಡ್ ಆಗಿದೆ ಎಂದು ಹೇಳುವ ಸಾಲು. ನಾನು ಬಾಗಿಲಲ್ಲೇ ನಿಂತು, "ಈಗ ಎಡಗಡೆ ಏನೋ ಬಂತಲ್ಲ, ಕಂಡಿತಾ?" ಎಂದು ಕೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ, "ಹೂಂ, ಚೀಟ್ ಹಾಕೀನಿ. ಯಾಕ?" ಎಂದಳು. ಕಂಡಿತ್ತು ಎಂಬುದಷ್ಟೇ ನನಗೆ ಬೇಕಾಗಿತ್ತು. ನನ್ನ ಕೋಣೆಗೆ ಬಂದೆ. ಆಮೇಲೆ ಆ ದಿನ ಓದು ಸಾಗಲಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲವನ್ನು ನಾನು ಮುಂಡಗೋಡದ ನಮ್ಮ ಮನೆಯಲ್ಲಿ ಕಳೆದೆ. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿದಿತ್ತು, ಸಂಶೋಧನೆಗೆ ಹಾಕಿದ ಅರ್ಜಿಗೆ ಉತ್ತರ ಬಂದಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ ಅಪ್ಪನಿಗೆ ಸಣ್ಣದೊಂದು ಲಕ್ವಾ ಹೊಡೆದಿತ್ತು. ಮಾತು ಹೋಗಲಿಲ್ಲ, ಬಾಯಿ ವಾರದಲ್ಲಿ ನೆಟ್ಟಗಾಯಿತು, ಎಡಗೈ ಮಾತ್ರ ನಿಧಾನವಾಯಿತು. ಅಪ್ಪ ಇಪ್ಪತ್ತು ವರ್ಷ ತನ್ನದೇ ಟೆಂಪೋ ಓಡಿಸಿದವನು. ಹುಬ್ಬಳ್ಳಿಯಿಂದ ಕಿರಾಣಿ ಮಾಲು ತಂದು ಮುಂಡಗೋಡ, ಮಳಗಿಯ ಅಂಗಡಿಗಳಿಗೆ ಇಳಿಸುವುದು ಅವನ ಕೆಲಸ. ಆ ಟೆಂಪೋ ಈಗ ಅಂಗಳದಲ್ಲಿ ತಾಡಪಾಲು ಹೊದ್ದು ನಿಂತಿತ್ತು. ಅಪ್ಪ ದಿನಕ್ಕೆ ನಾಲ್ಕು ಸಲ ಹೋಗಿ ಅದರ ಚಕ್ರ ಒದ್ದು ಬರುತ್ತಿದ್ದ.

ಕೈಯ ಬೆರಳುಗಳಿಗೆ ವ್ಯಾಯಾಮ ಬೇಕೆಂದು ವೈದ್ಯರು ರಬ್ಬರಿನ ಚೆಂಡು ಹಿಸುಕಲು ಹೇಳಿದ್ದರು. ಅಪ್ಪ ಎರಡೇ ದಿನದಲ್ಲಿ ಅದನ್ನು ಹಿತ್ತಲಿಗೆ ಎಸೆದ. ಆಗ ಅಣ್ಣ ಒಂದು ಉಪಾಯ ಹೇಳಿದ. ಅಣ್ಣ ಗೋವಾದ ಹೋಟೆಲೊಂದರಲ್ಲಿ ಇಲೆಕ್ಟ್ರಿಷಿಯನ್, ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಎಂಬ ತಂತ್ರಾಂಶವಿತ್ತು. ಈಗ ಅಂಗಡಿಯಲ್ಲಿ ಸಿಗದ ಹಳೆಯ ಗೇಮ್ ಯಂತ್ರ ತಾನೇ ಎಂದು ಅದು ಕಂಪ್ಯೂಟರಿನಿಂದ ನಟನೆ ಮಾಡಿಸುತ್ತದೆ. ಅದರಲ್ಲೊಂದು ಟ್ರಕ್ಕಿನ ಆಟ. ಸರಕು ಹೇರಿಕೊಂಡು ಗುಡ್ಡದ ರಸ್ತೆಯಲ್ಲಿ ಇಳಿದು, ಎಲ್ಲೂ ಗುದ್ದದೆ, ಸಮಯ ಮುಗಿಯುವುದರೊಳಗೆ ಬಂದರು ಸೇರಬೇಕು. ಎರಡೂ ಕೈಯಲ್ಲಿ ಹಿಡಿಯುವ ಗುಂಡಿಗಳ ಕಂಟ್ರೋಲರ್ ಒಂದನ್ನು ಅಣ್ಣ ತಂದುಕೊಟ್ಟ. ಚೆಂಡು ಎಸೆದ ಅಪ್ಪ ಇದನ್ನು ಕೆಳಗಿಡಲಿಲ್ಲ.

ಜೂನ್ ಮುಗಿಯುವಷ್ಟರಲ್ಲಿ ಅಪ್ಪ ಒಂದು ದಿನ ಊಟಕ್ಕೆ ಕೂತಾಗ ಘೋಷಿಸಿದ.

"ಆ ಗುಡ್ಡದ ರಸ್ತಾ ಮೂರ ಸಲ ಒಂದಕ್ಕೊಂದ ಹತ್ತಿ ಟೈಮ್ ಒಳಗ ಮುಗಿಸಿದ್ನಿ ಅಂದ್ರ, ನನ್ನ ಗಾಡಿ ನಾ ತಗೀತೇನಿ. ಆಮ್ಯಾಲ ಯಾರೂ ನನ್ನ ಕೈ ಹಿಡೀಬ್ಯಾಡ್ರಿ."

ಅವ್ವ ಏನೋ ಹೇಳಲು ಹೋದಳು. ಅಪ್ಪ, "ಮಾತಂದ್ರ ಮಾತ" ಎಂದ. ಅವನಿಗೆ ಎದುರಾಡುವುದು ಯಾರಿಗೂ ಬರುತ್ತಿರಲಿಲ್ಲ. ಹೀಗೆ ಒಂದು ಆಟ ನಮ್ಮ ಮನೆಯ ನ್ಯಾಯಾಧೀಶನಾಯಿತು. ಮೂರನೆಯ ತಿಂಗಳ ತಪಾಸಣೆಗೂ ಅಪ್ಪ ಹೋಗಲಿಲ್ಲ. ಗುಡ್ಡದ ರಸ್ತೆಯೇ ತನ್ನ ತಪಾಸಣೆ ಎಂದುಬಿಟ್ಟ.

ನಾನು ದಿನವೂ ಬರೆದಿಟ್ಟೆ. ಎಷ್ಟನೆಯ ತಿರುವಿನಲ್ಲಿ ಸಮಯ ಮುಗಿಯಿತು, ಎಷ್ಟು ಸಲ ಗುದ್ದಿದ. ಮೊದಲ ವಾರ ಅರ್ಧ ದಾರಿಯನ್ನೂ ತಲುಪಲಿಲ್ಲ. ಜುಲೈ ನಡುವಿಗೆ ಬಂದರಿನ ದೀಪಗಳು ಕಾಣತೊಡಗಿದವು. ಆದರೆ ಅದೇ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲು ಜೂನ್‌ನಲ್ಲಿ ತೆಗೆದುಕೊಂಡಷ್ಟೇ ಹೊತ್ತು ಜುಲೈಯಲ್ಲೂ ತೆಗೆದುಕೊಳ್ಳುತ್ತಿದ್ದ. ಅಂಗಿಯ ಎಡ ತೋಳು ಕೆಲವು ದಿನ ಹಾಕಿಕೊಳ್ಳದೆಯೇ ಉಳಿಯುತ್ತಿತ್ತು. ಆಟದ ಕೈ ಬೇರೆ, ಮನೆಯ ಕೈ ಬೇರೆ ಇರಲು ಹೇಗೆ ಸಾಧ್ಯ? ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ನನಗೆ ಅನುಮಾನ ಹುಟ್ಟಿತು.

ಅನುಮಾನಕ್ಕೆ ಒಂದು ಮುಖವೂ ಸಿದ್ಧವಾಗಿತ್ತು. ಅಣ್ಣನ ಹೆಂಡತಿ ಶಿಲ್ಪಾ ವೈನಿ ದಾಂಡೇಲಿಯವಳು. ಅವಳ ತವರಿನವರು ಅಲ್ಲಿ ಗೇಮ್ ಅಂಗಡಿ ನಡೆಸುತ್ತಿದ್ದರು. ಕಂಪ್ಯೂಟರ್ ಡಿಪ್ಲೊಮಾ ಓದುತ್ತಲೇ ಅವಳು ಆ ಅಂಗಡಿಯ ಗಲ್ಲೆಯಲ್ಲಿ ಕೂತವಳು. ನಮ್ಮ ಮನೆಗೆ ಬಂದು ವರ್ಷವಾಗಿತ್ತು, ನಾನು ಅವಳೊಡನೆ ಮನಸ್ಸು ಬಿಚ್ಚಿ ಒಂದು ಮಾತೂ ಆಡಿರಲಿಲ್ಲ. ಅವಳು ನಗುತ್ತಲೇ ಎಲ್ಲವನ್ನೂ ಗಮನಿಸುವವಳು. ಹಾಗೆ ಗಮನಿಸುವ ಸ್ವಭಾವ ನನ್ನದೂ ಆಗಿದ್ದರಿಂದ ಅವಳದು ನನಗೆ ಹಿಡಿಸುತ್ತಿರಲಿಲ್ಲ.

ಅವ್ವ ಅಂಗನವಾಡಿ ಶಿಕ್ಷಕಿ. ಮಧ್ಯಾಹ್ನದ ಊಟ ಬಡಿಸುವುದು ವೈನಿ, ರಾತ್ರಿ ಅವ್ವ. ಮಧ್ಯಾಹ್ನ ಮಾತ್ರ ಅಪ್ಪನದೊಂದು ದೂರು.

"ಯಾಕವಾ, ಇವತ್ತೂ ಚಟ್ನಿ ಇಲ್ಲೇನು? ಉಪ್ಪರ ಹಾಕಬೇಕಲಾ."

"ಹಾಕೇನ್ರಿ ಮಾವಾರ" ಎಂದು ವೈನಿ ಮೆಲ್ಲಗೆ ಹೇಳುತ್ತಿದ್ದಳು; ಆಮೇಲೆ ತಟ್ಟೆ ಸರಿದ ಸದ್ದು. ನಾನು ಒಳಗಿನ ಕೋಣೆಯಲ್ಲಿ ಓದುತ್ತ ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ರಾತ್ರಿ ಅವ್ವ ರೊಟ್ಟಿ ಮುರಿದು, ಪಲ್ಯ ಚಟ್ನಿ ಕಲಸಿಯೇ ಕೈಗೆ ಕೊಡುತ್ತಿದ್ದಳು. ಆಗ ದೂರು ಇರುತ್ತಿರಲಿಲ್ಲ. ಬೇನೆ ಬಿದ್ದ ಮಾವನಿಗೆ ಒಂದು ಚಮಚ ಶೇಂಗಾ ಚಟ್ನಿ ಹಾಕಲು ಈಕೆಗೆ ಕೈ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಆಮೇಲೆ ಫೋನು. ಒಂದು ಮಧ್ಯಾಹ್ನ ಮಳೆಗೆ ಒಗೆದ ಬಟ್ಟೆ ಒಳಗೆ ತರಲು ಹಿತ್ತಲಿಗೆ ಹೋದಾಗ ವೈನಿ ಬಚ್ಚಲ ಗೋಡೆಗೆ ಆತು ನಿಂತು ತನ್ನ ತಾಯಿಯೊಡನೆ ಮಾತಾಡುತ್ತಿದ್ದಳು. "ಇನ್ನೊಂದೆರಡ ತಿಂಗಳ ಹಿಂಗ ನಡಸಬೇಕವಾ... ಇಲ್ಲ, ಮಾವಾರಿಗೆ ಗೊತ್ತಾಗಬಾರದು. ಸವಿತಾಗಂತೂ ಬ್ಯಾಡ." ಸವಿತಾ ಎಂದರೆ ನಾನೇ. ನನ್ನನ್ನು ಕಂಡವಳೇ ಹವಾಮಾನದ ಮಾತಿಗೆ ತಿರುಗಿದಳು.

ಅದೇ ವಾರ ನಾನು ಅಪ್ಪನ ಪಕ್ಕದಲ್ಲಿ ಕೂತು ಆಟ ನೋಡಿದೆ. ಅಪ್ಪ ಲ್ಯಾಪ್‌ಟಾಪನ್ನು ಯಾವಾಗಲೂ ತನ್ನ ಬಲಕ್ಕೆ ಸ್ವಲ್ಪ ಸರಿಸಿಟ್ಟುಕೊಳ್ಳುತ್ತಿದ್ದ. ಆಟ ತೆರೆಯಿತು, ಎಡ ಮೂಲೆಯಲ್ಲಿ ಆ ಸಾಲು ಮೂಡಿತು.

"ಅಪ್ಪಾ, ಅದೇನು?"

"ಯಾವುದು?"

"ಈಗ ಬಂತಲಾ, ಮ್ಯಾಲೆ."

"ಏನೂ ಬಂದಿಲ್ಲ" ಎಂದ ಅಪ್ಪ, ಪರದೆಯಿಂದ ಕಣ್ಣು ಕೀಳದೆ. ಇಷ್ಟು ಸರಾಗವಾಗಿ ಸುಳ್ಳು ಹೇಳುವುದನ್ನು ಅಪ್ಪ ಯಾವಾಗ ಕಲಿತ? ಹಾಗಾದರೆ ಇಬ್ಬರೂ ಸೇರಿದ್ದಾರೆ ಎಂದುಕೊಂಡೆ. ಸೊಸೆ ಚೀಟ್ ಹಾಕುವುದು, ಮಾವ ಗೆಲ್ಲುವುದು, ಟೆಂಪೋ ರಸ್ತೆಗೆ ಇಳಿಯುವುದು. ಬಟನ್ ಹಾಕಿಕೊಳ್ಳಲಾಗದ ಕೈ ಹುಬ್ಬಳ್ಳಿ ರಸ್ತೆಯಲ್ಲಿ ಗೇರು ಬದಲಿಸುವುದನ್ನು ನೆನೆದು ನನಗೆ ಊಟ ಸೇರಲಿಲ್ಲ.

ಅಪ್ಪ ಪೇಟೆಗೆ ಹೋದ ಒಂದು ಬೆಳಿಗ್ಗೆ, ವೈನಿ ನೀರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದೆ. ಚೀಟುಗಳ ಫೋಲ್ಡರಿನಲ್ಲಿ ಒಂದೇ ಒಂದು ಕಡತ. ಪ್ರತಿ ಗೇಮಿಗೂ ಎಂಟು ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದೆ. ಪ್ಯಾಚ್ ಕಡತದ ಹೆಸರು ಆ ಗುರುತಿಗೆ ಅಕ್ಷರಶಃ ಹೊಂದಿದರೆ ಮಾತ್ರ ಎಮ್ಯುಲೇಟರ್ ಅದನ್ನು ಓದುತ್ತದೆ. ಇದು ಹೊಂದಿತ್ತು. ಒಳಗೆ ಇದ್ದದ್ದು ಒಂದು ಸಾಲು. ಆಟದ ನೆನಪಿನಲ್ಲಿ ಯಾವ ಜಾಗ, ಅಲ್ಲಿ ಯಾವ ಸಂಖ್ಯೆ ಇಡಬೇಕು ಎಂಬ ಎರಡು ವಿವರ. ಅದರ ಮೇಲೆ ಯಂತ್ರ ಓದದ ಟಿಪ್ಪಣಿಯಾಗಿ 'ಟೈಮ್' ಎಂಬ ಪದ. ಸಂಖ್ಯೆ ಕಂಪ್ಯೂಟರಿನವರು ಬಳಸುವ ಹದಿನಾರರ ಎಣಿಕೆಯಲ್ಲಿತ್ತು. ನಮ್ಮ ಎಣಿಕೆಗೆ ತಂದರೆ ಎಪ್ಪತ್ತೆಂಟು. ಎಪ್ಪತ್ತೆಂಟು ಸೆಕೆಂಡು. ಕಡತವನ್ನು ಕೊನೆಯ ಸಲ ತಿದ್ದಿದ್ದು ಮೂರು ದಿನದ ಹಿಂದೆ, ಮಧ್ಯಾಹ್ನ, ಅಪ್ಪ ಮಲಗುವ ಹೊತ್ತಿನಲ್ಲಿ.

ನಾನು ಅದನ್ನು ಅಳಿಸಲಿಲ್ಲ. ಅಳಿಸಿದರೆ ಯಾರೋ ಅಳಿಸಿದ್ದಾರೆಂದು ತಿಳಿಯುತ್ತದೆ. ಹೆಸರಿನ ಎಂಟರಲ್ಲಿ ಒಂದು ಅಂಕಿಯನ್ನು ಬದಲಿಸಿದೆ. ಮೂರು ಎಂಟಾಯಿತು. ಕಡತ ಇದ್ದಲ್ಲೇ ಇತ್ತು, ಇನ್ನು ಯಂತ್ರ ಅದನ್ನು ಗುರುತಿಸುವುದಿಲ್ಲ. ಅಪ್ಪ ನಾಳೆ ಪ್ರಾಮಾಣಿಕ ಸಮಯದಲ್ಲಿ ಆಡುತ್ತಾನೆ, ಸೋಲುತ್ತಾನೆ, ಟೆಂಪೋ ಅಂಗಳದಲ್ಲೇ ಇರುತ್ತದೆ. ಅಂದು ನನಗೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಬಂದರು ತಲುಪಿದ. ಇನ್ನೂ ಎಂಟು ಸೆಕೆಂಡು ಉಳಿದಿತ್ತು. ಅವನು ಮತ್ತೆ ಆಡಿದ. ಮತ್ತೆ ತಲುಪಿದ. ಮೂರನೆಯ ಸಲ ತಲುಪಿದಾಗ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಣೆಗೊತ್ತಿಕೊಂಡು, ಎದ್ದು ಹೋಗಿ ಗೂಟದಿಂದ ಟೆಂಪೋದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ದಸ್ತಗೀರಗ ಫೋನ್ ಹಚ್ಚು ಸವೀ. ಬ್ಯಾಟರಿ ನೋಡಾಕ ಬಾ ಅನ್ನು. ನಾಳೆ ಹುಬ್ಬಳ್ಳಿ."

ನಾನು ನಿಂತಲ್ಲೇ ನಿಂತಿದ್ದೆ. ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ವೈನಿ ಹಿಟ್ಟಿನ ಕೈಯಲ್ಲಿ ನಿಂತು ಪರದೆಯ ಎಡ ಮೂಲೆಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಒಳಗೆ ಬಾ ಎಂದು ಕತ್ತು ಅಲ್ಲಾಡಿಸಿದಳು.

"ಫೈಲ್ ನೀ ತಗದಿ?"

"ಹೆಸರ ಬದಲ ಮಾಡೇನಿ." ನನ್ನ ದನಿ ಗಟ್ಟಿಯಾಗಿಯೇ ಇತ್ತು. "ಅಪ್ಪಗ ಸುಳ್ಳ ಗೆಲುವು ಕೊಡಾಕತ್ತಿದ್ರಿ ನೀವು."

ವೈನಿ ನಕ್ಕಳು. ಸಂತೋಷದ ನಗೆಯಲ್ಲ. "ಎಂ.ಎಸ್ಸಿ. ಓದೀಯಲಾ ತಂಗೀ. ಮೂಲ ಟೈಮ್ ಎಷ್ಟ ಐತಿ ಅಂತ ನೋಡಿದ್ಯೇನು?"

ನೋಡಿರಲಿಲ್ಲ.

"ತೊಂಬತ್ತು. ಮೊದಲ ಎಂಬತ್ನಾಕ ಮಾಡಿದ್ನಿ. ಮಾವಾರು ಮುಟ್ಟಾಕ ಬಂದ್ರು, ಎಂಬತ್ತೊಂದ ಮಾಡಿದ್ನಿ. ಮತ್ತ ಬಂದ್ರು. ಎಪ್ಪತ್ತೆಂಟು. ಇನ್ನ ಕಡಿಮಿ ಮಾಡಿದ್ರ ಅವರಿಗೆ ಅನುಮಾನ ಬರತಿತ್ತು."

ಚೀಟ್ ಎಂದರೆ ಗೆಲ್ಲಲು ಎಂದು ನಾನು ಎಲ್ಲರಂತೆ ತಿಳಿದಿದ್ದೆ. ಸೋಲಿಸಲು ಚೀಟ್ ಹಾಕುವವರು ಇರುತ್ತಾರೆಂದು ನನ್ನ ತಲೆಗೆ ಹೊಳೆದಿರಲಿಲ್ಲ.

"ಯಾಕ?" ಎಂದೆ.

"ಊಟಕ್ಕ ಇವತ್ತ ನೀನೂ ಹೊರಗ ಕುಂದರು. ಒಳಗ ಕುಂತ ಬರೇ ಕೇಳಬ್ಯಾಡ, ನೋಡು."

ಮಧ್ಯಾಹ್ನ ಅಪ್ಪ ಖುಷಿಯಲ್ಲಿ ಊಟಕ್ಕೆ ಕೂತ. ನಮ್ಮಲ್ಲಿ ಉಪ್ಪು, ಚಟ್ನಿ, ಉಪ್ಪಿನಕಾಯಿ ತಟ್ಟೆಯ ಎಡಕ್ಕೆ ಬಡಿಸುವುದು ರೂಢಿ. ಪಲ್ಯ ಬಲಕ್ಕೆ. ವೈನಿ ನನ್ನ ಕಣ್ಣೆದುರೇ ಎಡಕ್ಕೆ ಎರಡು ಚಮಚ ಶೇಂಗಾ ಚಟ್ನಿ ಹಾಕಿದಳು. ಅಪ್ಪ ರೊಟ್ಟಿ ಮುರಿದ, ಪಲ್ಯ ತಿಂದ, ಸ್ವಲ್ಪ ಹೊತ್ತಿಗೆ ತಲೆ ಎತ್ತಿದ.

"ಇವತ್ತರ ಚಟ್ನಿ ಹಾಕಬಾರದೇನವಾ? ಗೆದ್ದ ದಿನ."

ಚಟ್ನಿ ಅವನ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ವೈನಿ ಬಗ್ಗಿ, ಏನೂ ಬಡಿಸದೆ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಹಾಂ, ಈಗ ಬಂತ ನೋಡು" ಎಂದು ಅಪ್ಪ ಚಟ್ನಿಗೆ ಕೈ ಹಾಕಿದ. ಪಲ್ಯ ಈಗ ಎಡಕ್ಕೆ ಹೋಗಿತ್ತು. ಅದನ್ನು ಅವನು ಮತ್ತೆ ಮುಟ್ಟಲೇ ಇಲ್ಲ.

ಒಂದೊಂದಾಗಿ ಎಲ್ಲ ನೆನಪಿಗೆ ಬಂದವು. ಹಾಕಿಕೊಳ್ಳದೆ ಉಳಿಯುತ್ತಿದ್ದ ಎಡ ತೋಳು, ಬಲಕ್ಕೆ ಸರಿದ ಲ್ಯಾಪ್‌ಟಾಪು, ಏನೂ ಬಂದಿಲ್ಲ ಎಂದ ಆ ದನಿ. ಅಪ್ಪ ಸುಳ್ಳು ಹೇಳಿರಲಿಲ್ಲ. ಅವನಿಗೆ ಅಲ್ಲಿ ಏನೂ ಬಂದಿರಲಿಲ್ಲ.

"ಆಟದಾಗ ಹೆಂಗ ಗೆದ್ದ ಹಂಗಾರ?" ಎಂದು ಪಾತ್ರೆ ತೊಳೆಯುವಲ್ಲಿ ಕೇಳಿದೆ.

"ಆಟದಾಗ ದಿನಾ ಅದ ರಸ್ತಾ, ಅದ ತಿರುವು. ಮಾವಾರು ಬಾಯಿಪಾಠ ಮಾಡ್ಯಾರ. ಹುಬ್ಬಳ್ಳಿ ರಸ್ತೇದಾಗ ಎಮ್ಮಿ ದಿನಾ ಒಂದ ಜಾಗಾದಾಗ ನಿಂದರತೈತೇನು?"

"ನಮಗ ಯಾಕ ಹೇಳಲಿಲ್ಲ ವೈನಿ?"

"ನಿಮ್ಮಣ್ಣಗ ಹೇಳಿದ್ನಿ. ಅಪ್ಪನ್ನ ಕುರುಡ ಮಾಡಬ್ಯಾಡ ಅಂದ. ಅತ್ತಿಯಾರಿಗೆ ಹೇಳಿದ್ರ, ಚಟ್ನಿ ಹಾಕೂದ ಬಿಟ್ಟ ನೆವಾ ಹೇಳತಾಳ ಅಂದಾರು. ಇನ್ನ ನೀನು?" ಅವಳು ತಟ್ಟೆಯನ್ನು ಒರೆಸುತ್ತಲೇ ಇದ್ದಳು. "ನಾ ನೀರ ಕೊಟ್ರೂ ಮೂಸಿ ನೋಡಿ ಕುಡಿಯಾಕಿ ನೀ. ಮನ್ಯಾಗ ಯಾರೂ ಮಾವಾರಿಗೆ ಬ್ಯಾಡ ಅನ್ನಂಗಿಲ್ಲ. ಅದಕ್ಕ ಆ ಆಟಾನ ಬ್ಯಾಡ ಅನ್ನಲಿ ಅಂದ್ನಿ."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ದಸ್ತಗೀರ್ ಕಾಕಾ ಬಂದಿದ್ದ. ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್, ಅಪ್ಪನ ಟೆಂಪೋವನ್ನು ಅಪ್ಪನಷ್ಟೇ ಬಲ್ಲವನು. ಬ್ಯಾಟರಿ ಇಳಿಸುತ್ತ, "ಏನ್ರಿ ಅಣ್ಣಾರ, ಕಂಪ್ಯೂಟರ್‌ನ್ಯಾಗ ಲೈಸೆನ್ಸ್ ಸಿಕ್ತಂತ?" ಎಂದು ಕೂಗಿದ. "ಸಿಕ್ತಲೇ, ನಿನಗಿಂತ ಚೊಲೋ ಓಡಸ್ತೇನಿ" ಎಂದು ಅಪ್ಪ ಒಳಗಿಂದ.

ನಾನು ಅವನ ಹತ್ತಿರ ಹೋಗಿ ನಾಲ್ಕು ಮಾತಿನಲ್ಲಿ ಹೇಳಿದೆ. ಕಾಕಾ ನನ್ನನ್ನು ನಂಬಲಿಲ್ಲ. "ಮುಂಜಾನೆ ನನ್ನ ಕೂಡ ಚಾ ಕುಡದಾರ, ಕಣ್ಣ ಬರೋಬ್ಬರಿ ಅದಾವ" ಎಂದ. "ನೀವು ಎಲ್ಲೆ ಕುಂತಿದ್ರಿ?" ಎಂದು ಕೇಳಿದೆ. ಅವನು ಯೋಚಿಸಿ, ತನ್ನ ಕೈಯನ್ನೇ ನೋಡಿಕೊಂಡು, "ಬಲಕ್ಕ" ಎಂದ.

ಅಪ್ಪ ಚಾಲಕನ ಸೀಟಿಗೆ ಏರಿ ಕೂತ. ಮೂರು ತಿಂಗಳ ಮೇಲೆ ಇಂಜಿನ್ ಕೆಮ್ಮಿ ಶುರುವಾಯಿತು. ಮಳೆ ನಿಂತು ಅಂಗಳದ ಕೆಂಪು ನೀರು ಹರಿಯುತ್ತಿತ್ತು. ದಸ್ತಗೀರ್ ಕಾಕಾ ಬಾನೆಟ್ಟಿನ ಕಡೆಯಿಂದ ಸುತ್ತಿ ಬಂದು ಎಡಗಡೆಯ ಕಿಟಕಿಗೆ ಮೊಣಕೈ ಊರಿ ನಿಂತ. ಒಂದು ಮಾತೂ ಆಡಲಿಲ್ಲ.

ಅಪ್ಪ ಸ್ಟೇರಿಂಗು ಸವರಿದ. ಎದುರು ನೋಡಿದ. ಬಲಗಡೆಯ ಕನ್ನಡಿ ಸರಿ ಮಾಡಿಕೊಂಡ. ಬಲಗಡೆಯ ಬಾಗಿಲ ಹತ್ತಿರ ನಿಂತಿದ್ದ ನಮ್ಮಿಬ್ಬರತ್ತ ತಿರುಗಿ ಕೇಳಿದ.

"ದಸ್ತಗೀರ ಬ್ಯಾಟರಿ ಕೂಡಿಸಿದವ ಎಲ್ಲಿ ಹ್ವಾದ?"

ಕಾಕಾನ ಮುಖ ಅಳುವವನಂತಾಯಿತು. "ಇಲ್ಲೇ ಅದೇನ್ರಿ ಅಣ್ಣಾರ" ಎಂದ.

ಅಪ್ಪ ಬೆಚ್ಚಿದ. ಆಮೇಲೆ ಬೈದ. "ಬಗ್ಗಿ ನಿಂತಿದ್ಯಲ್ಲ, ಚಾಷ್ಟಿ ಮಾಡತಿ?" ಬೈದು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಅವನೂ ಅನುಮಾನದ ಮನುಷ್ಯನೇ. ನನಗೆ ಅದು ಬಂದದ್ದೇ ಅವನಿಂದ. "ಸರಿ. ಮತ್ತ ನಿಂದರು. ನಾ ಕಣ್ಣ ಮುಚ್ಚತೇನಿ."

ಅವನು ಕಣ್ಣು ಮುಚ್ಚಿದ. ಕಾಕಾ ಎರಡು ಹೆಜ್ಜೆ ಮುಂದೆ ಸರಿದು, ಎಡ ದೀಪದ ಎದುರು, ಗಾಜಿನೊಳಗಿಂದ ಪೂರ್ತಿ ಕಾಣುವಂತೆ ನಿಂತ. ಅಪ್ಪ ಕಣ್ಣು ತೆರೆದು ನೇರ ನೋಡಿದ. ಬಹಳ ಹೊತ್ತು ನೋಡಿದ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಉತ್ತರ ಬರೆಯುವವನ ಹಾಗೆ ಅವನ ತುಟಿ ಅಲುಗಾಡಿತು.

"ಹಿಂದ ಅದಾನ" ಎಂದ.

ನಾನು ಎಡಕ್ಕೆ ಕೈ ತೋರಿಸಿದೆ. ಅಪ್ಪ ಕುತ್ತಿಗೆ ತಿರುಗಿಸಿ ಕಾಕಾನನ್ನು ಕಂಡ. ಇಂಜಿನ್ ಬಂದ್ ಮಾಡಿದ. ಇಳಿಯಲಿಲ್ಲ. ಮಳೆ ಮತ್ತೆ ಹಿಡಿದು, ನಾವು ಮೂವರೂ ಜಗುಲಿಗೆ ಬಂದ ಮೇಲೂ ಗಾಡಿಯೊಳಗೇ ಕೂತಿದ್ದ.

ಮೂರು ದಿನ ಅವನು ನಮ್ಮಿಬ್ಬರೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಾನಾಗಿಯೇ, "ಹೋಗೂಣು ನಡಿ, ದವಾಖಾನಿಗೆ" ಎಂದ. ಹುಬ್ಬಳ್ಳಿಯ ವೈದ್ಯರು ಎದುರಿಗೆ ಕೂತು ಎರಡೂ ಕೈಯ ಬೆರಳು ಎತ್ತಿ ತೋರಿಸಿ ಎಣಿಸಲು ಹೇಳಿದರು. ಒಂದು ಹಾಳೆಯಲ್ಲಿದ್ದ ಗೆರೆಗಳನ್ನೆಲ್ಲ ಪೆನ್ನಿನಿಂದ ಹೊಡೆದುಹಾಕಲು ಹೇಳಿದರು. ಅಪ್ಪ ಬಲಗಡೆಯವನ್ನಷ್ಟೇ ಹೊಡೆದು ಪೆನ್ನು ಕೆಳಗಿಟ್ಟ. ಕಣ್ಣು ಸರಿಯಾಗಿವೆ, ಎಡಗಡೆ ಇರುವುದನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಕೆಲವರಿಗೆ ನಿಧಾನವಾಗಿ ಮರಳುತ್ತದೆ ಎಂದರು. ಔಷಧ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಎಡಕ್ಕ ಏನೂ ಇಲ್ಲ ಅಂತ ಅನಿಸಿದಾಗೆಲ್ಲ ಅನುಮಾನ ಪಡ್ರಿ. ಕುತ್ತಿಗಿ ತಿರುವಿ ನೋಡ್ರಿ. ದಿನಕ್ಕ ನೂರ ಸಲ."

ಬಸ್ಸಿನಲ್ಲಿ ಮರಳುವಾಗ ಅಪ್ಪ ವೈನಿಯನ್ನು ಕೇಳಿದ, "ನೀ ಮೊದಲ ಹೇಳಿದ್ರ ನಾ ಕೇಳತಿದ್ನೇನು?"

"ಇಲ್ರಿ."

"ಖರೇ" ಎಂದ ಅಪ್ಪ.

ನಾನು ವೈನಿಯ ಕ್ಷಮೆ ಕೇಳಲಿಲ್ಲ. ಅವಳೂ ಅದಕ್ಕಾಗಿ ಕಾದಂತೆ ತೋರಲಿಲ್ಲ. ಮಧ್ಯಾಹ್ನ ಬಡಿಸುವಾಗ ನಾನು ಹೋಗಿ ಅಪ್ಪನ ಎದುರು ಕೂರತೊಡಗಿದೆ, ಅಷ್ಟೇ. ಚಟ್ನಿ ಎಡಕ್ಕೇ ಬೀಳುತ್ತಿತ್ತು. ತಟ್ಟೆ ತಿರುಗಿಸುವುದನ್ನು ವೈನಿ ನಿಲ್ಲಿಸಿದ್ದಳು. ಅಪ್ಪ ಹುಡುಕಬೇಕಿತ್ತು. ಕೆಲವು ದಿನ ಸಿಗುತ್ತಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ಧಾರವಾಡದಿಂದ ನನಗೆ ಸಂಶೋಧನೆಗೆ ಕರೆ ಬಂತು. ಹೊರಟ ದಿನ ಅಪ್ಪನೂ ವೈನಿಯೂ ಬಸ್‌ಸ್ಟ್ಯಾಂಡಿಗೆ ಬಂದರು. ಸಂತೆಯ ದಿನ, ಜನ ಜಾಸ್ತಿ. ಬಸ್ಸು ಯಾವಾಗ ಎಂದು ಕೇಳಿಕೊಂಡು ಬಂದು ನಾನು ಅಪ್ಪನ ಪಕ್ಕ ನಿಂತೆ. ನಿಂತ ಮೇಲೆ ಗೊತ್ತಾಯಿತು, ಅದು ಅವನ ಎಡಗಡೆ.

"ಸವಿ ಎಲ್ಲಿ?" ಎಂದ ಅಪ್ಪ, ಎದುರು ನೋಡುತ್ತ.

ನನ್ನ ತೋಳು ಅವನ ತೋಳಿಗೆ ತಾಗುವಷ್ಟು ಹತ್ತಿರವಿತ್ತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನ ಬಲಕ್ಕಿದ್ದ ವೈನಿ ನನ್ನನ್ನು ನೋಡಿದಳು. ಅವಳೂ ಹೇಳಲಿಲ್ಲ. ಹುಬ್ಬಳ್ಳಿ ಬಸ್ಸು ಹಾರ್ನ್ ಮಾಡುತ್ತ ಒಳಗೆ ಬಂತು, ಜನ ಅತ್ತ ನುಗ್ಗಿದರು. ನಾವಿಬ್ಬರೂ ಕಾದೆವು.

ಅಪ್ಪ ಬಸ್ಸನ್ನು ನೋಡಿದ. ವೈನಿಯನ್ನು ನೋಡಿದ, ಅವಳ ಮುಖದಲ್ಲಿ ಏನನ್ನೋ ಓದಿದ. ಆಮೇಲೆ, ದೊಡ್ಡ ರಸ್ತೆಗೆ ಗಾಡಿ ಇಳಿಸುವ ಮುನ್ನ ನೋಡುವವನಂತೆ, ಕುತ್ತಿಗೆಯನ್ನು ನಿಧಾನವಾಗಿ, ಪೂರ್ತಿಯಾಗಿ, ಎಡಕ್ಕೆ ತಿರುಗಿಸಿದ.

"ಇಲ್ಲೇ ಅದಿ" ಎಂದ. ನಮ್ಮಿಬ್ಬರನ್ನೂ ನೋಡಿ, "ಇಬ್ರೂ ಕೂಡಿ ನನ್ನ ಪರೀಕ್ಷಾ ಮಾಡಾಕತ್ತೀರಿ."

"ಹೌದಪ್ಪಾ" ಎಂದೆ.

"ಪಾಸೇನು?"

ನಾನು ಬಾಯಿ ತೆರೆಯುವ ಮೊದಲೇ ವೈನಿ ನನ್ನ ಚೀಲ ಎತ್ತಿ ಬಸ್ಸಿನತ್ತ ನಡೆಯುತ್ತ ಹೇಳಿದಳು: "ಒಮ್ಮೆ ನೋಡಿದ್ರ ಹೆಂಗ ಹೇಳೂದ್ರಿ ಮಾವಾರ. ನಾಳೆ ಮತ್ತ ನೋಡೂಣು."